ಕೆಂಪು ರಿಬ್ಬನ್ನಿನ ದಾರಿ

ಗುಡ್ಡದ ಗಾರ್ಡ್ ನಮ್ಮ ಮೆಟ್ಟಿಲ ಬುಡದಲ್ಲಿ ಬಂದು ನಿಂತಾಗ ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಮರುದಿನ ಎಲ್ಲಿಗೂ ಹೋಗುವುದಿರಲಿಲ್ಲ. ಶನಿವಾರ ಸಂಜೆ ಇಸ್ತ್ರಿ ಹಾಕುವುದು ಹೆಂಡತಿ ಇದ್ದಾಗಿನ ರೂಢಿ. ಅವಳು ಹೋದ ಮೇಲೂ ಕೈ ಅದನ್ನು ಬಿಟ್ಟಿಲ್ಲ.

"ಮಹಡಿಯವರು ಇದ್ದಾರಾ ಸಾರ್?" ಎಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರನ್ನು ಇಡೀ ಬೀದಿ ಕರೆಯುವುದೇ ಹಾಗೆ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಹತ್ತಿ ನಿವೃತ್ತರಾದವರು. ಒಬ್ಬರೇ ಇರುವುದು, ಮದುವೆಯಾಗಿಲ್ಲ, ಮಾತು ಕಡಿಮೆ. ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಇಲ್ಲದ ಅಪವಾದ ಬಂದರೂ ಜನ ಹುಡುಕಿಕೊಂಡು ಬರುವುದು ಅವರನ್ನೇ. ನಾನು ಅವರಿಗೆ ಮನೆ ಮಾಲೀಕ, ಚಹಾ ಮಾಡಿಕೊಡುವವ, ಕೇಸು ಬಂದಾಗ ಹೂಂಗುಟ್ಟುವವ.

ಅವನನ್ನು ಮೇಲೆ ಅವರ ಹತ್ತಿರ ಕರೆದುಕೊಂಡು ಹೋದೆ. ಗಾರ್ಡ್ ಕೂರಲಿಲ್ಲ, ನಿಂತೇ ಹೇಳಿದ. "ಗುಡ್ಡದ ಕಾಲುದಾರಿಗೆ ಗುರುತು ಅಂತ ಮರಕ್ಕೆ ಕೆಂಪು ರಿಬ್ಬನ್ ಕಟ್ಟೋದು ನನ್ನ ಕೆಲಸ ಸಾರ್. ಅದನ್ನ ನೋಡ್ಕೊಂಡೇ ಜನ ಹತ್ತೋದು. ಯಾರೋ ಅದನ್ನ ಬಿಚ್ಚಿ ಹಳ್ಳದ ಕಡೆ ಕಟ್ಟಿದ್ದಾರೆ. ಹೋದ ಭಾನುವಾರ ಹಲ್ಲಿನ ಡಾಕ್ಟರು ಅಲ್ಲಿ ಪಾಚಿ ಮೇಲೆ ಜಾರಿ ಕಾಲು ಮುರ್ಕೊಂಡ್ರು. ಆಫೀಸಿನವರು ನಂದೇ ಬೇಜವಾಬ್ದಾರಿ ಅಂತಾರೆ. ಸೋಮವಾರ ಕೆಲಸದಿಂದ ತೆಗೀತಾರಂತೆ. ಕ್ವಾರ್ಟರ್ಸೂ ಬಿಡಬೇಕು. ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು ಅನ್ನೋ ಹಾಗೆ ಹಳೇ ತಪ್ಪೆಲ್ಲ ಈಗ ನನ್ನ ತಲೆಗೇ ಕಟ್ತಿದ್ದಾರೆ."

"ರಿಬ್ಬನ್ ಕೊನೇ ಸಲ ನೋಡಿದ್ದು ಯಾವಾಗ?" ಮಹಡಿಯವರು ಕೇಳಿದರು.

"ತಿಂಗಳ ಮೊದಲಲ್ಲಿ. ಸರಿಯಾಗೇ ಇತ್ತು. ವಾರದ ದಿನ ಅಲ್ಲಿ ನರಪಿಳ್ಳೆ ಬರಲ್ಲ. ಭಾನುವಾರ ಬರೋರೂ ಈಗ ಡಾಕ್ಟರ ಮನೆಯೋರು ಮಾತ್ರ."

"ಹಳ್ಳದ ಕಡೆಯ ರಿಬ್ಬನ್ನುಗಳನ್ನು ಮುಟ್ಟಬೇಡ. ನಾಳೆ ಅವರೆಲ್ಲರೂ ಗುಡ್ಡದ ಹತ್ತಿರ ಬರಲಿ, ಕಾಲು ಮುರಿದವರೂ ಸೇರಿ."

ನನಗೂ ಗುಡ್ಡಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಹೊರಟೆ. ಭಾನುವಾರ ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅದೇ ಮೇಲು.

ಕಾರು ನಿಲ್ಲಿಸುವ ಜಾಗ ಒಂದು ದಿಣ್ಣೆಯ ಮೇಲಿತ್ತು. ಅದರ ಅಂಚಿಗೆ ಒಂದು ಕಲ್ಲು ಬೆಂಚು, ಪಕ್ಕದಲ್ಲಿ ತಗಡಿನ ಶೆಡ್ಡು. ದಾರಿ ಅಲ್ಲಿಂದ ಮೆಲ್ಲಗೆ ಇಳಿದು, ಸ್ವಲ್ಪ ದೂರ ಸಮತಟ್ಟಾಗಿ ಸಾಗಿ, ದೊಡ್ಡದೊಂದು ಬಂಡೆಯ ಹಿಂದೆ ಮರೆಯಾಗಿ ಏರತೊಡಗುತ್ತಿತ್ತು. ಡಾಕ್ಟರು ಕಾರಿನ ಹಿಂದಿನ ಸೀಟಿನಲ್ಲಿ ಪ್ಲಾಸ್ಟರಿನ ಕಾಲು ಚಾಚಿಕೊಂಡು ಕೂತಿದ್ದರು. ಜೊತೆಗೆ ಅವರ ಹೆಂಡತಿ, ಫೋಟೋ ತೆಗೆಯುವ ಗೆಳೆಯ, ಮತ್ತು ಊರುಗೋಲು ಹಿಡಿದ ಡಾಕ್ಟರ ಅಕ್ಕ. ಅಕ್ಕನ ಮಂಡಿ ಕೆಟ್ಟು ಎರಡು ವರ್ಷವಾಗಿತ್ತು. ಅವರು ಗುಡ್ಡ ಹತ್ತದೆ ಬೆಂಚಿನ ಮೇಲೆ ಕೂತು ಎಲ್ಲರ ಬ್ಯಾಗು ಕಾಯುತ್ತಿದ್ದರು.

"ಬಿದ್ದದ್ದನ್ನು ಯಾರು ನೋಡಿದಿರಿ?"

"ಯಾರೂ ಇಲ್ಲ, ನಾನೇ ಕೊನೇಲಿದ್ದೆ," ಎಂದರು ಡಾಕ್ಟರು. "ಮೇಲೆ ಏನೋ ಹಳದಿ ಕಂಡ ಹಾಗಾಯ್ತು. ಯಾವುದೋ ಹಕ್ಕಿ ಅಂತ ತಲೆ ಎತ್ತಿದೆ. ಅಷ್ಟರಲ್ಲಿ ಕಾಲು ಜಾರ್ತು."

"ಹಕ್ಕಿ ಆಮೇಲೆ. ಮೊದಲು ಆ ಹಳ್ಳಕ್ಕೆ ಯಾಕೆ ಹೋದ್ವಿ ಅಂತ ಕೇಳಿ," ಎಂದು ಅವರ ಹೆಂಡತಿ ಫೋಟೋದವನ ಕಡೆ ನೋಡಿದರು. "ಹಳ್ಳ, ಜಲಪಾತ ಅಂತ ತಿಂಗಳಿಂದ ಒಬ್ಬರು ತಲೆ ತಿಂತಿದ್ರು."

"ಜಲಪಾತದ ಫೋಟೋ ಬೇಕು ಅಂದಿದ್ದು ನಿಜ. ಹಾಗಂತ ನಾನು ರಿಬ್ಬನ್ ಮುಟ್ಟಿಲ್ಲ," ಎಂದ ಫೋಟೋದವನು. ಆ ಹೊತ್ತಿನವರೆಗೆ ಯಾರೂ ಅವನ ಮುಂದೆ ರಿಬ್ಬನ್ನಿನ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಮನಸ್ಸಿನಲ್ಲೇ ಕೇಸು ಮುಗಿಸಿಬಿಟ್ಟೆ.

ಮಹಡಿಯವರು ಗಾರ್ಡ್‌ನನ್ನು ಕರೆದುಕೊಂಡು ದಾರಿ ಹಿಡಿದರು. ನಾನು ಬೆಂಚಿನ ಮೇಲೆ ಅಕ್ಕನ ಪಕ್ಕ ಉಳಿದೆ. ಗಾಳಿ ಕೊರೆಯುತ್ತಿತ್ತು. ಅವರು ತೋಳು ಕಟ್ಟಿಕೊಂಡು ನಡುಗುತ್ತಿದ್ದರು, ಆದರೆ ಶಾಲನ್ನು ಮಡಿಸಿ ಅದರ ಮೇಲೆ ಕೂತಿದ್ದರು. ಅದರ ಹಳದಿ ಅಂಚು ಮಾತ್ರ ಕಾಣುತ್ತಿತ್ತು.

"ಹೊದ್ಕೊಳ್ಳಬಾರದಾ?" ಎಂದೆ.

"ಕಲ್ಲು ತಣ್ಣಗಿದೆ. ಕೂರೋಕೆ ಬೇಕು." ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. "ಮೊದಲು ನಾನೇ ಎಲ್ಲರಿಗಿಂತ ಮುಂದೆ ಇರ್ತಿದ್ದೆ. ತಮ್ಮನಿಗೆ ಗುಡ್ಡ ಹತ್ತೋದು ಕಲಿಸಿದ್ದೇ ನಾನು. ಬಂಡೆ ಬಂದ್ರೆ ನನ್ನ ಕೈ ಹಿಡ್ಕೊಳ್ಳೋನು."

"ಈಗ ಇಲ್ಲಿ ಬೇಜಾರಾಗಲ್ವಾ?"

"ಆ ಬಂಡೆ ಇದೆಯಲ್ಲ, ಅದರ ಹಿಂದೆ ಹೋಗೋವರೆಗೂ ಅವರ ಮಾತು ಕೇಳ್ಸುತ್ತೆ. ಆಮೇಲೆ ಮಧ್ಯಾಹ್ನದವರೆಗೆ ಬ್ಯಾಗು, ನಾನು. ಅವರು ಆ ಕಡೆಯಿಂದ ಇಳಿದು ಬರ್ತಾರೆ. ದಾರೀಲಿ ಏನೇನಾಯ್ತು ಅಂತ ಅವರವರೇ ನಗ್ತಾರೆ. ನಾನೂ ನಗ್ತೀನಿ."

ಹೆಂಡತಿ ಹೋದ ಮೇಲೆ ಮದುವೆ ಮನೆಗಳಲ್ಲಿ ನಾನು ನಗುವುದೂ ಹೀಗೆಯೇ. ಚಹಾ ಚೆನ್ನಾಗಿದೆ ಎಂದೆ.

ಮಹಡಿಯವರು ಹಿಂದಿರುಗಿದಾಗ ಅವರ ಷೂ ಒದ್ದೆಯಾಗಿತ್ತು. ಬಂದವರೇ ನನ್ನನ್ನು ಎಬ್ಬಿಸಿ ಬೆಂಚಿನ ಮೇಲೆ ಕೂತು ಕೆಳಗಿನ ದಾರಿಯನ್ನು ನೋಡಿದರು. ಆಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆದರು. ಡಾಕ್ಟರನ್ನು ಗಾರ್ಡ್ ಮತ್ತು ಫೋಟೋದವನು ಎತ್ತಿ ತಂದು ಕೂರಿಸಿದರು. ಹಳ್ಳದ ಕಡೆಯ ರಿಬ್ಬನ್ನುಗಳನ್ನು ಯಾರೋ ಒಂದೇ ಕೈಯಲ್ಲಿ ಸುತ್ತಿದ್ದಾರೆ ಎಂದು ಗಾರ್ಡ್ ಅಷ್ಟರಲ್ಲಿ ನನಗೆ ಹೇಳಿದ್ದ.

"ಸಾರ್, ಒಂದು ಕೈಯಲ್ಲಿ ಯಾವಾಗಲೂ ಕ್ಯಾಮರಾ ಹಿಡಿದವನು..." ಎಂದು ನಾನು ಅವರ ಕಿವಿಯಲ್ಲಿ ಶುರುಮಾಡಿದೆ.

"ಒಂದು ಕೈ ಅನ್ನೋದು ಸರಿ. ಕೈ ಯಾರದು ಅನ್ನೋದು ತಪ್ಪು," ಎಂದು ಅವರು ಎಲ್ಲರ ಕಡೆ ತಿರುಗಿದರು. "ಗಾರ್ಡ್ ಕಟ್ಟಿದ ರಿಬ್ಬನ್ನುಗಳು ಇನ್ನೂ ಮೇಲಿನ ಏರಿನಲ್ಲಿವೆ. ಎರಡು ಗಂಟು, ಬಿಗಿ. ಹಳ್ಳದ ಕಡೆ ಇರುವವಕ್ಕೆ ಗಂಟೇ ಇಲ್ಲ. ಕೊಂಬೆಗೆ ಸುತ್ತಿ ತುದಿ ಸಿಕ್ಕಿಸಿದ್ದಾರೆ. ಇನ್ನೊಂದು ಕೈ ಖಾಲಿ ಇಲ್ಲದವರ ಕೆಲಸ ಅದು. ಹಾಗಾಗಿ ಗಾರ್ಡ್ ಅಲ್ಲ."

ಗಾರ್ಡ್ ಟೋಪಿ ತಲೆಗಿಟ್ಟುಕೊಂಡ.

"ಇವರು ಫೋಟೋಗೆ ಜಲಪಾತ ಬೇಕು ಅಂತಿದ್ರು. ಆದರೆ ಹೊಸ ದಾರಿ ಜಲಪಾತದ ಕಡೆ ಹೋಗೋದೇ ಇಲ್ಲ. ಏನೂ ನೋಡೋಕಿಲ್ಲದ ಕಡೆ ಹಳ್ಳ ದಾಟಿ ಮತ್ತೆ ಹಳೇ ದಾರಿಗೆ ಸೇರುತ್ತೆ. ಇವರು ರಿಬ್ಬನ್ ಮಾತೆತ್ತಿದ್ದು ತಪ್ಪಲ್ಲ. ಗಾರ್ಡ್ ಮೇಲಿನ ಆರೋಪ ಊರಿಗೇ ಗೊತ್ತು."

ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಬದಲಾಗಿರೋದು ಸಮತಟ್ಟಾದ ಭಾಗದಲ್ಲಿ ಮಾತ್ರ. ಏರಿನ ಒಂದು ರಿಬ್ಬನ್ನೂ ಕದಲಿಲ್ಲ. ಅಂದ್ರೆ ಏರು ಹತ್ತಲಾಗದವರು ಮಾಡಿದ್ದು. ಯಾಕೆ ಅಂತ ಈ ಬೆಂಚಿನ ಮೇಲೆ ಕೂತಾಗ ತಿಳೀತು. ಹಳೇ ದಾರಿ ಬಂಡೆ ಹಿಂದೆ ಮರೆಯಾಗುತ್ತೆ. ಹೊಸದು ಹಳ್ಳ ದಾಟುವವರೆಗೂ ಇಲ್ಲಿಂದ ಕಾಣುತ್ತೆ. ಹೊಸ ದಾರಿಯ ಲಾಭ ಅಷ್ಟೇ." ಅವರ ದನಿ ತಗ್ಗಿತು. "ಡಾಕ್ಟರು ನೋಡಿದ ಹಳದಿ ಹಕ್ಕಿಯದಲ್ಲ, ಶಾಲಿನದು. ಅದನ್ನು ಇಷ್ಟು ಚಳಿಯಲ್ಲೂ ಹೊದೆಯದೆ ಒಬ್ಬರು ಅದರ ಮೇಲೆ ಕೂತಿದ್ದರು."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವರು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು.

"ನೀವು ಮೇಲೆ ಹೋಗಿದ್ದಾಗ ಕಟ್ಟಿದೆ," ಎಂದರು. "ಪಾಚಿ ಇರೋದು ಗೊತ್ತಿರಲಿಲ್ಲ. ಅಲ್ಲೀವರೆಗೆ ಹೋಗೋಕಾಗಲಿಲ್ಲ, ಈಚೆ ದಡದಲ್ಲೇ ಕೊನೇದು ಕಟ್ಟಿ ಬಂದೆ. ಹೇಳಬೇಕಿತ್ತು. ಹೇಳಿದ್ರೆ ಇನ್ನು ಕರ್ಕೊಂಡು ಬರಲ್ಲ ಅಂತ ಹೆದರಿಕೆ ಆಯ್ತು. ಇರೋದೇ ಈ ಬೆಂಚು."

"ಅತ್ತಿಗೆ, ಒಂದು ಸಲ ಕೂಗಬಾರದಿತ್ತಾ? ನಾವು ನೋಡ್ತಿದ್ವಿ," ಎಂದರು ಡಾಕ್ಟರ ಹೆಂಡತಿ.

"ಕೂಗಿ ಕರೆದು ನೋಡಿಸ್ಕೊಳ್ಳೋದು ಏನಮ್ಮ? ನೀವಾಗೇ ನೋಡ್ಬೇಕು ಅಂತ ಎದ್ದು ಕಾಣೋ ಶಾಲು ಹೊದ್ಕೊಂಡು ಬಂದೆ. ಹೊಸ ದಾರೀಲಿ ಎರಡು ಭಾನುವಾರ ಹೋದ್ರಿ. ನಗ್ತಾ ಹೋದ್ರಿ. ಒಬ್ರೂ ತಲೆ ಎತ್ತಲಿಲ್ಲ."

ಡಾಕ್ಟರು ಪ್ಲಾಸ್ಟರಿನ ಮೇಲೆ ಕೈಯಿಟ್ಟು ಕೂತಿದ್ದರು.

"ನಾನು ಎತ್ತಿದೆ ಅಕ್ಕಾ," ಎಂದರು. "ಹಕ್ಕಿ ಅಂದ್ಕೊಂಡೆ."

"ನೋಡಿದ್ಯಲ್ಲಪ್ಪ. ಅದಕ್ಕೇ ಬಿದ್ದೆ."

ಅಕ್ಕ ಎದ್ದು ಗಾರ್ಡ್ ಮುಂದೆ ನಿಂತರು. "ನಿಮ್ಮ ಮನೆ ಹೋಗ್ತಿದ್ರೂ ಬಾಯಿ ಮುಚ್ಕೊಂಡು ಕೂತಿದ್ದೆ. ಅದು ದೊಡ್ಡ ತಪ್ಪು. ನಾಳೆ ಬೆಳಿಗ್ಗೆ ನಾನೇ ಆಫೀಸಿಗೆ ಬಂದು ಹೇಳ್ತೀನಿ."

"ಹೇಳಿ ಅಮ್ಮ, ಅಷ್ಟು ಮಾಡಿ," ಎಂದ ಗಾರ್ಡ್. ಅವನಿಗೆ ಕೋಪವೂ ಇತ್ತು, ಅದನ್ನು ಎಲ್ಲಿಡಬೇಕೋ ತಿಳಿಯದಂತಿತ್ತು. "ಮೊದಲೇ ನನಗೊಂದು ಮಾತು ಹೇಳಿದ್ರೆ ಹಳ್ಳದ ಈಚೆ ಒಣಗಿರೋ ಕಡೆ ನಾನೇ ದಾರಿ ಮಾಡ್ತಿದ್ದೆ."

ಬಸ್ಸಿನಲ್ಲಿ ಮಹಡಿಯವರು ಒದ್ದೆ ಷೂ ಬಿಚ್ಚಿ ಕಾಲ ಬಳಿ ಇಟ್ಟುಕೊಂಡರು. "ಇದು ಬಗೆಹರಿಯದೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು. ಅವರ ಬಾಯಿಂದ ಆ ಮಾತು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಅಕ್ಕ ಸೋಮವಾರ ಆಫೀಸಿಗೆ ಹೋದರು, ಗಾರ್ಡ್‌ನ ಕೆಲಸ ಉಳಿಯಿತು. ಪ್ಲಾಸ್ಟರ್ ಇರುವವರೆಗೆ ಡಾಕ್ಟರು ಪ್ರತಿ ಭಾನುವಾರ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂರುತ್ತಿದ್ದರಂತೆ. ಇಬ್ಬರೂ ಹಳೇ ಗುಡ್ಡಗಳ ಮಾತಾಡುತ್ತಿದ್ದರು ಎಂದು ಗಾರ್ಡ್ ಬಂದಾಗೆಲ್ಲ ಹೇಳುತ್ತಿದ್ದ. ಒಂದು ಶನಿವಾರ, ಪ್ಲಾಸ್ಟರ್ ಬಿಚ್ಚಿದರಂತೆ ಎಂದ. ನಾನು ಇಸ್ತ್ರಿ ಹಾಕುತ್ತಿದ್ದೆ.

ಮರುದಿನ ಆ ಅಂಗಿ ತೊಟ್ಟು, ಫ್ಲಾಸ್ಕಿಗೆ ಚಹಾ ತುಂಬಿ ಬಸ್ಸು ಹಿಡಿದೆ. ಅಕ್ಕ ಬೆಂಚಿನ ಮೇಲೆ ಬ್ಯಾಗುಗಳ ನಡುವೆ ಒಬ್ಬರೇ ಕೂತಿದ್ದರು. ಹಳದಿ ಶಾಲು ಹೊದ್ದಿದ್ದರು.

"ತಮ್ಮ?"

"ಹತ್ತಿದ. ಕಾಲು ಸರಿ ಹೋದ್ಮೇಲೆ ಹತ್ತದೆ ಇರ್ತಾನಾ? ಬಂಡೆ ಹತ್ತಿರ ನಿಂತು ತಿರುಗಿ ನೋಡಿದ. ಒಂದು ಸಲ." ಆಮೇಲೆ ನನ್ನ ಕಡೆ ನೋಡಿದರು. "ನೀವು ಯಾರ ಜೊತೆ ಬಂದ್ರಿ?"

"ಯಾರ ಜೊತೆಯೂ ಇಲ್ಲ."

ಅವರು ಒಂದು ಬ್ಯಾಗನ್ನು ತಮ್ಮತ್ತ ಎಳೆದುಕೊಂಡು ಜಾಗ ಮಾಡಿದರು. ನಾನು ಕೂತು ಇಬ್ಬರಿಗೂ ಚಹಾ ಬಗ್ಗಿಸಿದೆ. ಬಂಡೆಯ ಹಿಂದಿನಿಂದ ಯಾರದೋ ನಗು ಕೇಳಿಸಿತು, ಆಮೇಲೆ ಅದೂ ನಿಂತಿತು. ಮಧ್ಯಾಹ್ನಕ್ಕೆ ಇನ್ನೂ ಬಹಳ ಹೊತ್ತಿತ್ತು.