ಬೆನ್ನು ಬರೆದ ದುರುಗಿ

ಬಹಳ ಹಿಂದೆ, ಗಾಳಿಗೂ ಬಣ್ಣವಿದ್ದ ಕಾಲದಲ್ಲಿ, ಜೇಡಿಪುರವೆಂಬ ರಾಜ್ಯವಿತ್ತು. ಅಲ್ಲಿನ ವಿದ್ಯಾಪೀಠದ ಚಿತ್ರಶಾಲೆಯಲ್ಲಿ ಏನು ಬರೆದರೂ ಅದಕ್ಕೆ ಜೀವ ಬರುತ್ತಿತ್ತು. ವರ್ಷಕ್ಕೊಂದು ದಿನ ಅದರ ಬಾಗಿಲು ಊರಿಗೆಲ್ಲ ತೆರೆಯುತ್ತಿತ್ತು. ಅಗಸರು, ಕುಂಬಾರರು, ಅಜ್ಜಿಯರು, ಮಕ್ಕಳು ಎಲ್ಲರೂ ಇದ್ದಲಿನ ಚೂರು ಹಿಡಿದು ಬಂದು ಗೋಡೆ ತುಂಬ ಬರೆಯುತ್ತಿದ್ದರು. ಆ ದಿನಕ್ಕೆ ಗೀಚುಹಬ್ಬ ಎಂದು ಹೆಸರು.

ಮಸಿರಾಯನೆಂಬ ಮಂತ್ರವಾದಿ ಬಂದು ಆ ಚಿತ್ರಶಾಲೆಯನ್ನು ಕಬಳಿಸಿದ. "ಕಂಡಕಂಡವರೆಲ್ಲ ಗೀಚಲು ಇದೇನು ಹಾಳು ಗೋಡೆಯೇ?" ಎಂದು ಬಾಗಿಲು ಹಾಕಿಸಿದ. ಎದುರು ಮಾತಾಡಿದವನು ನೇಕಾರ ಮಾಳಿಂಗ ಒಬ್ಬನೇ. ಮಂತ್ರವಾದಿ ಉಫ್ ಎಂದು ಊದಿದ. ಮಾಳಿಂಗ ಬಿಳಿ ಗೋಡೆಯೊಳಗೆ ಕರಗಿಹೋದ.

ಮಾಳಿಂಗನ ಹೆಂಡತಿ ದುರುಗಿ ಕರುಳು ಕಿತ್ತು ಬರುವಂತೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು. ಮುಂದಿನ ಗೀಚುಹಬ್ಬದ ಬೆಳಿಗ್ಗೆ ಒಲೆಯಿಂದ ಇದ್ದಲು ಆರಿಸಿ, ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಊರವರು ಅಂಜುತ್ತಲೇ ಹಿಂದೆ ನಡೆದರು.

ಬಾಗಿಲಲ್ಲಿ ಚಿತ್ರದ ಹುಲಿ ಗರ್ಜಿಸಿತು. ದುರುಗಿ ಹೊಸ್ತಿಲ ಮೇಲೆ ಮೇಕೆ ಬರೆದಳು. ಮೇಕೆ ಎದ್ದು ಓಡಿತು, ಹುಲಿ ಅದರ ಬೆನ್ನು ಹತ್ತಿತು. ಮೇಕೆಯ ಗತಿ ಏನಾಯಿತೋ ಎಂದು ಮರುಗಬೇಡಿ. ದುರುಗಿ ಅದಕ್ಕೆ ಆರು ಕಾಲು ಬರೆದಿದ್ದಳು.

ಒಳಗೆ ಹೋದರೆ ನೆಲವೆಲ್ಲ ಮಡುವಾಯಿತು. ದುರುಗಿ ಕಂಬದ ಮೇಲೆ ತೆಪ್ಪ ಬರೆದಳು. ತೆಪ್ಪ ಕಳಚಿ ನೀರಿಗೆ ಬಿತ್ತು. ಊರವರೆಲ್ಲ ಒತ್ತೊತ್ತಿ ಕೂತು ದಾಟಿದರು.

ಬಿಳಿ ಗೋಡೆಯ ಮುಂದೆ ಮಸಿರಾಯ ನಿಂತಿದ್ದ. "ನಿನ್ನ ಗಂಡನನ್ನು ಇದ್ದ ಹಾಗೆಯೇ ಬರೆ. ಹೊತ್ತು ಮುಳುಗುವುದರೊಳಗೆ ಬರೆದರೆ ಅವನು ಬದುಕಿ ಬರುತ್ತಾನೆ, ನಾನು ಮಸಿಯಾಗಿ ಹೋಗುತ್ತೇನೆ. ಒಂದು ಗೆರೆ ತಪ್ಪಿದರೂ ಅವನು ಎಂದೆಂದಿಗೂ ಗೋಡೆಯೇ!"

ಊರವರು ನೆರವಿಗೆ ಬಂದರು. "ಅವನ ಮೀಸಿ ಮ್ಯಾಲಕ್ಕಿತ್ತು," ಎಂದ ಕ್ಷೌರಿಕ. "ಏ ಇಲ್ಲೋ, ನನ್ನ ಮಗನ ಮೀಸಿ ಕೆಳಗ ಜೋತಿತ್ತು," ಎಂದಳು ಅತ್ತೆ. ಮೂಗಿನ ವಿಷಯಕ್ಕಂತೂ ದೊಡ್ಡ ಜಗಳವೇ ಹತ್ತಿತು. ಅಷ್ಟರಲ್ಲಿ ಹೊತ್ತು ವಾಲಿತು.

ದುರುಗಿಯ ಕೈಗೂ ಆ ಮುಖ ಸಿಗಲೊಲ್ಲದು. ಅವರ ಮನೆಯಲ್ಲಿ ಮಗ್ಗಗಳು ಒಂದರ ಹಿಂದೆ ಒಂದಿದ್ದವು. ಮದುವೆಯಾದಾಗಿನಿಂದ ನೇಯುತ್ತ ನೇಯುತ್ತ ಅವಳು ನೋಡಿದ್ದು ಗಂಡನ ಬೆನ್ನನ್ನೇ.

"ಎಲ್ಲಾರೂ ಸುಮ್ಮನಿರ್ರಿ," ಎಂದಳು. ಎಡಕ್ಕೆ ವಾಲಿದ ಹೆಗಲು ಬರೆದಳು. ಹೆಡಕಿನ ಮೇಲಿನ ಕೂದಲ ಸುಳಿ ಬರೆದಳು. ಅಂಗಿ ಹರಿದಲ್ಲಿ ತಾನೇ ಹಾಕಿದ್ದ ತೇಪೆಯನ್ನೂ ಬರೆದಳು.

"ಮುಖವೆಲ್ಲಿ?" ಎಂದು ಮಸಿರಾಯ ಗಹಗಹಿಸಿದ.

"ಅದು ಅವರ ಹತ್ರನ ಐತಿ," ಎಂದಳು ದುರುಗಿ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವಳಿಗಿರಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಕೂಗಿದಳು: "ಏನ್ರೀ, ಸ್ವಲ್ಪ ಇತ್ತ ನೋಡ್ರಿ!"

ಬೆನ್ನು ಅಲುಗಿತು. ಮಾಳಿಂಗ ಹೊರಳಿ ನೋಡಿದ. "ಯಾಕ ದುರುಗಿ, ಮತ್ತ ನೂಲು ಕಡೀತೇನು?"

ಮಸಿರಾಯ ನಿಂತಲ್ಲೇ ಕರಗಿ ಮಸಿಯಾದ. ಊರವರು ಅದನ್ನು ಕೊಡಗಳಿಗೆ ತುಂಬಿಕೊಂಡು, ಬೆರಳದ್ದಿ, ಜಾಗ ಉಳಿಯದಷ್ಟು ಬರೆದರು. ವಿದ್ಯಾಪೀಠದ ಗುರುಗಳೂ ಪಂಚೆ ಎತ್ತಿಕಟ್ಟಿ ಸೇರಿಕೊಂಡರು. ಆ ಬಾಗಿಲನ್ನು ಮತ್ತೆ ಯಾರೂ ಮುಚ್ಚಲಿಲ್ಲ.

ಮನೆಗೆ ಹೋದವಳೇ ದುರುಗಿ ಮಗ್ಗ ಕೀಳಿಸಿ ಎದುರುಬದುರು ಹಾಕಿಸಿದಳು. ಊರೆಲ್ಲ ಸುಖವಾಗಿತ್ತು, ಅವರೂ ಸುಖವಾಗಿದ್ದರು. ಆ ಮನೆಯ ಸೀರೆಗಳ ಅಂಚು ಮಾತ್ರ ಅಲ್ಲಿಂದ ಮುಂದೆ ಸ್ವಲ್ಪ ಡೊಂಕಾಗಿಯೇ ಬರುತ್ತಿತ್ತಂತೆ.