ಎರಡನೇ ತಟ್ಟೆ ಮಂಡಕ್ಕಿ

ಪುಷ್ಪಲತಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಕೊಂಡ್ಲಹಳ್ಳಿಯ ಅವರ ಓಣಿಗೆಲ್ಲ ಗೊತ್ತು. ಗೊತ್ತಿಲ್ಲದಿದ್ದವರು ಚಳ್ಳಕೆರೆ ಕಡೆಯಿಂದ ಬಂದಿದ್ದ ಗಂಡಿನವರು ಮಾತ್ರ. ಅವರಿಗೂ ಅವತ್ತು ಗೊತ್ತಾಯಿತು.

ಗಂಡು ಈರೇಶ್ ಮಡಿಕೆ ಮುರಿಯದ ಅಂಗಿ ತೊಟ್ಟು ಚಾಪೆಯ ನಡುವೆ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ. ಬಾಗಿಲ ಹತ್ತಿರ, ಅವರನ್ನು ಗಾಡಿಯಲ್ಲಿ ಕರೆತಂದಿದ್ದ ಅವನ ಚಿಕ್ಕಪ್ಪನ ಮಗ ಮಾರುತೇಶ್. ಮೂವರ ಮುಂದೆಯೂ ಒಗ್ಗರಣೆ ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಪುಷ್ಪ ಒಲೆಯ ಮುಂದೆ ತಾನೂ ಬೆಂದು ಮಾಡಿದ್ದು. ಮಂಡಕ್ಕಿ ನೀರಿನಲ್ಲಿ ಒಂದು ಗಳಿಗೆ ಹೆಚ್ಚು ನೆಂದರೆ ಮುದ್ದೆ, ಕಡಿಮೆ ನೆಂದರೆ ಹೊಟ್ಟು. ಅವಳ ಕೈಯಲ್ಲಿ ಅದು ಬಿಡಿಬಿಡಿಯಾಗಿ, ಪುಟಾಣಿ ಪುಡಿ ಮೆತ್ತಿಕೊಂಡು, ನಡುನಡುವೆ ಹುರಿದ ಶೇಂಗಾ ಇಣುಕುತ್ತ ತಟ್ಟೆಗೆ ಬಿದ್ದಿತ್ತು.

ಆದರೆ ಯಾರೂ ಮುಟ್ಟಲಿಲ್ಲ. ಅವರ ಮನೆತನಗಳಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಬಂದವರು ಟೀ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಉಪ್ಪು ಬಿದ್ದ ತಿಂಡಿ ಮುಟ್ಟುವುದು ಮಾತ್ರ ಹುಡುಗಿ ಒಪ್ಪಿಗೆಯಾದರೆ. ಗಂಡಿನ ಕಡೆಯ ಯಾರದೇ ಬಾಯಿಗೆ ಉಪ್ಪು ಹೋಯಿತೋ, ಸಂಬಂಧ ಕುದುರಿತು. ಹೋಗದಿದ್ದರೆ ತಟ್ಟೆಗಳು ಹಾಗೇ ಒಳಗೆ ವಾಪಸ್. ಆರಿದ ಬಜ್ಜಿಯನ್ನು ಹುಡುಗಿಯ ಮನೆಯವರು ಸಂಜೆ ಮುಖ ಮುಖ ನೋಡಿಕೊಂಡು ತಿನ್ನಬೇಕು. ಎಂಥ ಸುಡುಗಾಡು ಪದ್ಧತಿ!

"ಅಡಿಗೆ ಗಿಡಿಗೆ ಬರ್ತೈತೇನಮ್ಮ?" ಈರೇಶನ ತಾಯಿ ಕೇಳಿದಳು, ತಟ್ಟೆಯತ್ತ ನೋಡದೆ.

"ಮುಂದೇ ಐತಲ್ಲ, ತಿಂದು ನೋಡ್ರಿ," ಅಂದಳು ಪುಷ್ಪ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವಳ ಅವ್ವ ನಾಗರತ್ನ ನಾಲಿಗೆ ಕಚ್ಚಿಕೊಂಡಳು. ಈರೇಶನ ತಾಯಿ ಮುಖ ತಿರುಗಿಸಿದಳು. ಆಗ ಬಾಗಿಲ ಕಡೆಯಿಂದ ಶೇಂಗಾ ಅಗಿಯುವ ಸದ್ದು ಕೇಳಿಸಿತು.

ಮಾರುತೇಶ್ ತಿನ್ನುತ್ತಿದ್ದ. ಒಂದು ತುತ್ತಲ್ಲ, ಎರಡಲ್ಲ, ಪೂರ್ತಿ ತಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು, ಮೀಸೆಯ ತುದಿಯಲ್ಲಿ ಒಂದು ಚೂರು ಈರುಳ್ಳಿ. ತಲೆ ಎತ್ತಿ ಸೀದಾ ಪುಷ್ಪಳನ್ನೇ ನೋಡಿದ. "ಇನ್ನೊಂದು ತಟ್ಟೆ ಸಿಗ್ತೈತೇನ್ರೀ?"

ಆ ನೀರುಗಣ್ಣಲ್ಲಿ ಅದೆಂಥ ಖುಷಿ ಇತ್ತೆಂದರೆ ಪುಷ್ಪಳಿಗೆ ನಗು ಬಂದೇಬಿಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಆಮೇಲೆ ಆ ನಗುವನ್ನು ನೆನೆದು ತನ್ನ ಮೇಲೇ ಎಷ್ಟು ಸಿಟ್ಟು ಮಾಡಿಕೊಂಡಳೋ!

ಯಾಕೆಂದರೆ ಅಜ್ಜಿ ಕೆಂಚಕ್ಕ ಅಷ್ಟರಲ್ಲೇ, "ಉಪ್ಪು ಮುಟ್ಟಿದ್ರು, ಉಪ್ಪು ಮುಟ್ಟಿದ್ರು" ಅನ್ನುತ್ತ ಸಕ್ಕರೆ ಡಬ್ಬ ಹಿಡಿದು ಓಣಿಗೆ ಇಳಿದಾಗಿತ್ತು. ಮರುದಿನ ಈರೇಶನ ತಾಯಿಯ ಫೋನ್ ಬಂತು. ಹುಡುಗಿ ಬಾಯಿ ಜೋರು, ನಮಗೆ ಹೊಂದಲ್ಲ.

ಮುಟ್ಟದೇ ಹೋಗಿದ್ದರೆ ಓಣಿ ಎರಡು ದಿನಕ್ಕೆ ಮರೆಯುತ್ತಿತ್ತು. ಉಪ್ಪು ತಿಂದು ಬೇಡ ಅಂದರೆಂದರೆ ಹುಡುಗಿಯಲ್ಲೇ ಏನೋ ಐಬು ಇರಬೇಕು. ನಲ್ಲಿ ಹತ್ತಿರ ಪುಷ್ಪ ಕೊಡ ಇಟ್ಟರೆ ಸಾಕು, ಮಾತು ನಿಲ್ಲುತ್ತಿತ್ತು. ಸಕ್ಕರೆ ತಿಂದ ಬಾಯಿಗಳೇ ಗುಸುಗುಸು ಅನ್ನುತ್ತಿದ್ದವು. ಅಪ್ಪ ಜಯಣ್ಣ ಊರ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಮುಂದೆ ನೋಡಲು ಬರುವವರಿಗೂ ಈ ಸುದ್ದಿಯೇ ಮೊದಲು ಮುಟ್ಟುತ್ತದೆ ಎಂದು ಅವ್ವ ಒಲೆ ಮುಂದೆ ಕಣ್ಣೊರೆಸಿಕೊಂಡಳು. ಪುಷ್ಪಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ಅವಳದು ಮೊಳಕಾಲ್ಮೂರು ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ. ಕಟ್ಟಿದ ಸೀರೆಗಳನ್ನು ಕೊಡಲು ಚಳ್ಳಕೆರೆಗೆ ಹೋದವಳಿಗೆ ಬಸ್ ಸ್ಟ್ಯಾಂಡ್ ಎದುರು ಅವತ್ತು ಗಂಡಿನವರು ಬಂದಿದ್ದ ಗಾಡಿ ಕಾಣಿಸಿತು. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್‌ಗೆ ಕೆಲಸದವರನ್ನು ಬಿಟ್ಟು ಬರುವ ಗಾಡಿ. ಒಳಗೆ ಸ್ಟೇರಿಂಗ್ ಮೇಲೆ ಪೇಪರ್ ಹರಡಿಕೊಂಡು ಮಾರುತೇಶ್ ಖಾರ ಮಂಡಕ್ಕಿ ತಿನ್ನುತ್ತಿದ್ದ. ತಿನ್ನುತ್ತಿದ್ದ! ಅವಳ ಸಿಟ್ಟು ನೆತ್ತಿಗೇರಿತು.

"ಏನ್ರೀ, ಹೊಟ್ಟೆ ಇನ್ನೂ ತುಂಬಿಲ್ವಾ?"

ಅವನು ಬೆಚ್ಚಿಬಿದ್ದ. ಪೇಪರ್ ಜಾರಿ ಮಂಡಕ್ಕಿಯೆಲ್ಲ ಕಾಲಡಿ ಚೆಲ್ಲಿತು. "ನೀವಾ? ನಾನೇ ನಿಮ್ಮನೆಗೆ ಬರಾನ ಅಂತಿದ್ದೆ."

"ಯಾಕೆ? ಉಳಿದಿದ್ದು ತಿನ್ನಾಕಾ?"

"ತಪ್ಪಾತು ಕಣ್ರಿ."

"ತಪ್ಪಾತಂತೆ! ನಿಂಗೆ ಪದ್ಧತಿ ಗೊತ್ತಿರ್ಲಿಲ್ವಾ? ಮನೇಲಿ ಅನ್ನ ಹಾಕಲ್ವಾ? ನನ್ನ ಮರ್ಯಾದೆ ನಿನ್ನ ತಟ್ಟೇಲಿ ಇತ್ತು ಕಣಯ್ಯಾ, ಅದನ್ನೂ ನುಂಗಿ ಹೋದ್ಯಲ್ಲ!"

ಯಾವಾಗ 'ರೀ' ಹೋಗಿ 'ನೀನು' ಬಂತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ತುಟಿಯ ಅಂಚಿನಲ್ಲಿ ನಗೆಯೊಂದು ಬಂದು, ಅವಳ ಕಣ್ಣು ನೋಡಿ ಹೆದರಿ ಒಳಕ್ಕೆ ಹೋಯಿತು.

"ಗೊತ್ತಿತ್ತು," ಅಂದ ಮೆಲ್ಲಗೆ. "ದೊಡ್ಡವ್ವ ಮುಖ ತಿರುಗಿಸಿದ್ಲಲ್ಲ, ಇವ್ರು ಬ್ಯಾಡ ಅಂತಾರೆ ಅನ್ಸಿತು. ನೀವು ಅಷ್ಟು ಮಾಡಿದ್ದು ಹಂಗೇ ಒಳಗೆ ಹೋಗೋದು ನೋಡಾಕಾಗ್ಲಿಲ್ಲ."

"ಓಹೋ, ಕನಿಕರ! ನಾನು ಕೇಳಿದ್ನಾ ನಿನ್ನ ಕನಿಕರಾನ?"

"ಮೊದಲನೇ ತಟ್ಟೆ ಬೇಕಾದ್ರೆ ಕನಿಕರ ಅನ್ನಿ. ಎರಡನೇದು ಆಸೆಗೆ ಕೇಳಿದ್ದು."

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಗಾಡಿಯ ಬಾಗಿಲನ್ನು ಧಡಾರನೆ ಬಡಿದು ನಡೆದಳು. ಬಸ್ಸಿನಲ್ಲಿ ಊರು ಬರುವವರೆಗೂ ಎರಡನೇ ತಟ್ಟೆಯ ಮಾತೇ ಕಿವಿಯಲ್ಲಿ ಕೂತಿತ್ತು.

ಆ ಭಾನುವಾರ ಅವನು ಬಂದೇಬಿಟ್ಟ. ಒಬ್ಬನೇ. ಮನೆಗೆ ಬರುವ ಮುಂಚೆ ಕಟ್ಟೆಯ ಮೇಲಿದ್ದವರ ಎದುರು ನಿಂತು, "ಹುಡುಗೀದು ಏನೂ ತಪ್ಪಿಲ್ಲ, ನಮ್ಮೋರು ಒಪ್ಪಿರ್ಲಿಲ್ಲ, ನಾನೇ ಹೊಟ್ಟೆಬಾಕ, ತಡೀಲಾರದೆ ತಿಂದೆ" ಎಂದು ಹೇಳಿ ಬಂದಿದ್ದ. ಊರು ಬಿದ್ದು ಬಿದ್ದು ನಕ್ಕಿತು. ಸಂಜೆಯೊಳಗೆ ಅವಳಿಗೆ 'ಮಂಡಕ್ಕಿ ಪುಷ್ಪ' ಎಂಬ ಹೆಸರು ಬಿತ್ತು. ಉಪಕಾರ ಮಾಡಲು ಹೋಗಿ ಗಾಯದ ಮೇಲೆ ಬರೆ ಎಳೆದಿದ್ದ, ಪುಣ್ಯಾತ್ಮ.

ಅಂಗಳದಲ್ಲಿ ನಿಂತು ಅಜ್ಜಿಗೆ ಕೈ ಮುಗಿದ. "ಅಜ್ಜಿ, ತಿಂದೋನು ನಾನು. ನಿಮಗೆಲ್ಲ ಒಪ್ಪಿಗೆ ಆದ್ರೆ ನಾನೇ ಮದುವೆ ಆಗ್ತೀನಿ."

ಕೆಂಚಕ್ಕನ ಬೊಚ್ಚುಬಾಯಿ ಅರಳಿತು. "ಉಪ್ಪು ತಿಂದೋನು ನೀರು ಕುಡೀಲೇಬೇಕು. ಮಂಚಿ ಮಾಟ, ಒಳ್ಳೇ ಮಾತು ಆಡ್ದೆ ಕಣಪ್ಪ." ಆಂಧ್ರದ ಗಡಿಯಾಚೆಯ ತೌರಿನ ತೆಲುಗು ಅಜ್ಜಿಗೆ ಖುಷಿಯಾದಾಗಲೇ ಬರುವುದು. ಜಯಣ್ಣನ ಮುಖಕ್ಕೂ ಕಳೆ ಬಂತು. ನಾಗರತ್ನ ಆಗಲೇ ಚಾಪೆ ಹುಡುಕತೊಡಗಿದ್ದಳು.

"ನಿಲ್ರಿ ಎಲ್ಲಾರೂ!"

ಪುಷ್ಪ ಕೈಯಲ್ಲಿದ್ದ ರೇಷ್ಮೆ ಎಳೆಗಳನ್ನು ಅಲ್ಲೇ ಎಸೆದು ಹೊರಗೆ ಬಂದಿದ್ದಳು.

"ತಿಂದಿದ್ದಕ್ಕೆ ದಂಡ ಕಟ್ಟಾಕೆ ಬಂದ್ಯಾ? ನಾನೇನು ದಂಡಾನಾ? ಅವತ್ತು ಅವರು ತಿನ್ಲಿಲ್ಲ ಅಂದ್ರೆ ಬ್ಯಾಡ, ನೀನು ತಿಂದೆ ಅಂದ್ರೆ ಬೇಕು. ಅವರ ಬಾಯಿ, ನಿನ್ನ ಬಾಯಿ! ನನಗೆ ಬೇಕೋ ಬ್ಯಾಡ್ವೋ ಅಂತ ಒಬ್ರಾದ್ರೂ ಕೇಳಿದ್ರಾ? ನಾನು ಯಾವ ತಟ್ಟೆ ಮುಟ್ಟಿ ಹೇಳ್ಬೇಕು?"

"ಏ ಪುಷ್ಪಾ, ಮೆಲ್ಲಕೆ," ಅಂದಳು ಅವ್ವ.

"ಯಾಕೆ ಮೆಲ್ಲಕೆ? ಈರೇಶಪ್ಪ ನನ್ನ ನೋಡಿದ. ನಾನು ಅವನ್ನ ನೋಡಿದ್ನಾ? ಯಾರಾದ್ರೂ ನೋಡು ಅಂದ್ರಾ?"

ಮಾರುತೇಶ್ ಕಿವಿಯವರೆಗೂ ಕೆಂಪಾಗಿದ್ದ. ಬೇರೆ ಗಂಡಸಾಗಿದ್ದರೆ ಅವಳ ಅಪ್ಪನತ್ತ ನೋಡುತ್ತಿದ್ದ. ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಈ ಸಲ ತುಂಟತನ ಇರಲಿಲ್ಲ.

"ಇಲ್ಲ," ಅಂದ. "ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಚಪ್ಪಲಿ ಮೆಟ್ಟಿ ಹೊರಟುಹೋದ.

ಹೋದವನು ಹೋದ. ಒಂದು ವಾರವಾಯಿತು, ಸುದ್ದಿಯಿಲ್ಲ. ಪುಷ್ಪಳಿಗೆ ಈಗ ಬೇರೆಯದೇ ಸಿಟ್ಟು. ಬೈದರೆ ಹೀಗೆ ಓಡಿಹೋಗುವುದಾ? ಇಷ್ಟು ಬೇಗನಾ? ಕುಚ್ಚು ಕಟ್ಟುವಾಗ ಬೆರಳು ತಪ್ಪಿ ಗಂಟು ಬೀಳುತ್ತಿತ್ತು. ಗಂಟು ಬಿಡಿಸುವಾಗ ಆ ನೀರುಗಣ್ಣು ನೆನಪಾಗುತ್ತಿತ್ತು. ನಾಲ್ಕು ಗಂಟೆಗೆ ಅವ್ವ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟರೆ ತಟ್ಟೆ ದೂಡಿ, "ನಂಗೆ ಬ್ಯಾಡ" ಅಂದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಮಂಡಕ್ಕಿಯನ್ನು ಬೇಡ ಅಂದವರಿರಲಿಲ್ಲ. ಅವ್ವ ಹಣೆ ಮುಟ್ಟಿ ಜ್ವರವೇನೋ ಎಂದು ನೋಡಿದಳು.

ಆಮೇಲೆ ಮಾರುತೇಶನ ತಾಯಿಯ ಫೋನ್ ಬಂತು. "ನಮ್ಮ ಹುಡುಗನ್ನ ನೋಡಾಕೆ ಬರ್ರಿ. ಹುಡುಗೀನೂ ಕರ್ಕಂಡು ಬರ್ಬೇಕಂತೆ. ತಿಂಡಿ ಅವನೇ ಮಾಡ್ತಾನಂತೆ."

"ಹೆಣ್ಣು ಹೋಗಿ ಗಂಡು ನೋಡೋದು ಎಲ್ಲಾರ ಐತಾ?" ಅಂದ ಜಯಣ್ಣ.

"ಇಲ್ದಿದ್ರೆ ಇವತ್ತಿಂದ ಐತೆ ಬಿಡೋ," ಅಂದಳು ಕೆಂಚಕ್ಕ. "ನಡೀ, ಅವನ ಕೈರುಚಿ ನೋಡಾನ."

ಕುದಾಪುರದ ಹತ್ತಿರದ ಅವರ ಮನೆ ಚಿಕ್ಕದು. ಹಿತ್ತಲ ಆಚೆ ವರವು ಕಾವಲಿನ ಹುಲ್ಲುಗಾವಲು, ಉದ್ದಕ್ಕೂ ತಂತಿ ಬೇಲಿ. ಪುಷ್ಪ ಬೇಕಂತಲೇ ಹಳೇ ಸೀರೆ ಉಟ್ಟು ಬಂದಿದ್ದಳು. ಚಾಪೆಯ ನಡುವೆ, ಅವತ್ತು ಈರೇಶ್ ಕೂತ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಒಳಗಿನಿಂದ ತಟ್ಟೆ ಹಿಡಿದು ಮಾರುತೇಶ್ ಬಂದ. ಅಂಗಿಯ ಮೇಲೆ ಅರಿಶಿನದ ಕಲೆ.

ಅವನ ತಾಯಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು, ನಾಗರತ್ನ ಅವತ್ತು ನಿಂತ ಹಾಗೇ.

"ಅಡಿಗೆ ಗಿಡಿಗೆ ಬರ್ತೈತಾ?" ಪುಷ್ಪ ಗದರಿದಳು.

"ಬರಲ್ಲ ಕಣ್ರಿ," ಅಂದ. "ತಿಂದು ನೋಡ್ರಿ."

ತಟ್ಟೆಯಲ್ಲಿದ್ದದ್ದು ಮಂಡಕ್ಕಿಯೇ ಇರಬೇಕು. ಅರಿಶಿನ ಹೆಚ್ಚಾಗಿ, ಉಂಡೆ ಕಟ್ಟಿ, ಪಾಪದ್ದು, ರಾಗಿಮುದ್ದೆಯ ತಮ್ಮನ ಹಾಗೆ ಕೂತಿತ್ತು. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಬಟ್ಟಲಲ್ಲಿ ಬರೀ ಉಪ್ಪು.

"ಇದೇನು?"

"ಅದ್ರಲ್ಲಿ ಉಪ್ಪು ಹಾಕಿಲ್ಲ. ಮಂಡಕ್ಕಿ ಹುರಿಯೋ ಭಟ್ಟೀಲಿ ಹಾಕಿರೋ ಉಪ್ಪೂ ಇರ್ಬಾರ್ದು ಅಂತ ಮೂರು ನೀರಲ್ಲಿ ತೊಳ್ದೆ. ಅದಕ್ಕೇ ಹಿಂಗಾಗೈತೆ." ತಲೆ ಎತ್ತಿದ. "ಬಸ್ಸಲ್ಲಿ ಬಂದಿದೀರಾ, ಹಸಿದಿರ್ತೀರಾ. ಹಂಗೇ ತಿಂದು ಎದ್ದೋದ್ರೂ ಒಪ್ಪಿಗೆ ಅಂತ ಯಾರೂ ಹಿಡ್ಕಳಾಂಗಿಲ್ಲ. ಓಣೀಲಿ ಸಕ್ಕರೆ ಹಂಚಾಂಗಿಲ್ಲ. ನಂಗೆ ನೀವು ಬೇಕು, ದಂಡಕ್ಕಲ್ಲ. ಅವತ್ತು 'ತಿಂದು ನೋಡ್ರಿ' ಅಂದ್ರಲ್ಲ, ಆ ಬಾಯಿ ನಂಗೆ ದಿನಾ ಕೇಳ್ಬೇಕು. ಆದ್ರೆ ನಿಮಗೆ ನಾನು ಬೇಕೋ ಬ್ಯಾಡ್ವೋ, ಅದು ನಿಮ್ಮ ಕೈಲಿ ಐತೆ."

ಪುಷ್ಪ ಒಂದು ತುತ್ತು ಬಾಯಿಗಿಟ್ಟಳು. ಸಪ್ಪೆ. ಹುಳಿಯಿಲ್ಲ, ಶೇಂಗಾ ಸೀದು ಕರ್ರಗಾಗಿತ್ತು. ಇಷ್ಟು ಕೆಟ್ಟ ತಿಂಡಿಯನ್ನು ಅವಳು ಜನ್ಮದಲ್ಲೇ ತಿಂದಿರಲಿಲ್ಲ. ಅವತ್ತಿನಿಂದ ಬರದೇ ಇದ್ದ ಅಳು ಈಗ ಬಂತು, ಈ ಹಾಳು ಮಂಡಕ್ಕಿಗೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಅವನನ್ನು ದುರುಗುಟ್ಟಿ ನೋಡಿದಳು.

"ಥೂ! ಯಾರಾದ್ರೂ ಮಂಡಕ್ಕೀನ ಮೂರು ನೀರಲ್ಲಿ ತೊಳೀತಾರೇನೋ?"

"ಇನ್ಮೇಲೆ ತೊಳಿಯಲ್ಲ."

"ಶೇಂಗಾ ಸೀಯೋವರ್ಗೂ ಎಲ್ಲಿ ನೋಡ್ತಿದ್ದೆ?"

"ರಸ್ತೆ ಕಡೆ," ಅಂದ. "ನೀವು ಬರ್ತೀರೋ ಇಲ್ವೋ ಅಂತ."

ಅಜ್ಜಿ ಕೆಂಚಕ್ಕ ಏನೋ ಹೇಳಲು ಬಾಯಿ ತೆರೆದಳು. ನಾಗರತ್ನ ಅವಳ ಕೈ ಅದುಮಿದಳು. ಚಾಪೆಯ ಮೇಲಿದ್ದ ಎಲ್ಲರ ಕಣ್ಣೂ ಪುಷ್ಪಳ ಬೆರಳ ಮೇಲೆ.

ಪುಷ್ಪ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಚಿಟಿಕೆ ಉಪ್ಪು ತೆಗೆದು, ಅವನ ಮುಖವನ್ನೇ ನೋಡುತ್ತ, ತಟ್ಟೆಯ ತುಂಬ ಉದುರಿಸಿದಳು. ಕಲಸಿದಳು. ಸಿಟ್ಟಿನಿಂದಲೇ ತಿಂದಳು, ಕೊನೆಯ ಸೀದ ಶೇಂಗಾದವರೆಗೂ. ಮಾರುತೇಶ್ ಅವಳನ್ನೇ ನೋಡುತ್ತ ನಿಂತಿದ್ದ.

ಖಾಲಿ ತಟ್ಟೆಯನ್ನು ಅವನ ಮುಂದೆ ಚಾಚಿದಳು.

"ಏನು ನೋಡ್ತಾ ನಿಂತೆ? ಇನ್ನೊಂದು ತಟ್ಟೆ ಹಾಕ್ಕಂಡು ಬಾ."