ಪತ್ರವಿಲ್ಲದೆ ಹೊರಟವಳು

ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ಪ್ರಣತಿ ಸಿಂಗಪುರದ ಪುಂಗೋಲ್ ಪೊಲೀಸ್ ಠಾಣೆಗೆ ಓಡಿಬಂದಳು. ನಾಲ್ಕು ವರ್ಷದ ಮಗಳು ಸಮೃದ್ಧಿ ಕಾಣೆಯಾಗಿದ್ದಳು; ಅವಳನ್ನು ಶಾಲೆಯಿಂದ ಕರೆತರಲು ಹೋಗಿದ್ದ, ಅವಳು ‘ಪೋಪೋ’ ಎಂದು ಕರೆಯುವ ಎದುರುಮನೆಯ ಚೀನೀ ಅಜ್ಜಿ ಹೂ ಗ್ವೇಲಾನ್ ಕೂಡ.

ಇನ್‌ಸ್ಪೆಕ್ಟರ್ ಬದರಿನಾಥ್ ಅಲ್ಲೇ ಹುಟ್ಟಿದ ಕನ್ನಡಿಗ. "ಏನಾದ್ರೂ ಜಗಳ ಆಗಿತ್ತಾ?"

"ಇಲ್ಲ ಸರ್. ಒಂದು ವರ್ಷದಿಂದ ಅವರೇ ಪಿಕಪ್ ಮಾಡ್ತಿದ್ರು. ಪುಂಗೋಲ್ ಬಿಟ್ಟು ಒಬ್ಬರೇ ಎಲ್ಲೂ ಹೋಗಲ್ಲ. ಇಲ್ಲೇ ಹತ್ತಿರದ ಟ್ಯಾಂಪಿನೀಸ್‌ಗೂ ಅವರ ಮಗಳು ಜೊತೆಗಿರಬೇಕು. ಅಜ್ಜಿಗೆ ವೀಸಾ ಬೇಕಾ ಅಂತ ನಾವೆಲ್ಲ ನಗ್ತಿದ್ವಿ..." ಮಾತು ಅಳುವಾಯಿತು.

ಎಫ್‌ಐಆರ್ ದಾಖಲಾಯಿತು. ಎಂಆರ್‌ಟಿ ಮೆಟ್ರೋ ನಿಲ್ದಾಣದ ಸಿಸಿಟಿವಿಯಲ್ಲಿ ಇಬ್ಬರೂ ಸಿಕ್ಕರು. ಬ್ಯಾಗ್ ತಪಾಸಣೆಗೆ ಸಿಬ್ಬಂದಿ ಕೈ ಬೀಸಿ ಕರೆಯುತ್ತಾನೆ. ಅಜ್ಜಿ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಓಡುತ್ತಾಳೆ.

ಬದರಿನಾಥ್ ಕಾನ್‌ಸ್ಟೇಬಲ್‌ಗಳನ್ನು ಎಲ್ಲ ದಿಕ್ಕಿಗೂ ಅಟ್ಟಿದ. ಸಮವಸ್ತ್ರ ಕಂಡಲ್ಲೆಲ್ಲ ಅಜ್ಜಿ ದಾರಿ ಬದಲಿಸಿದ್ದಳು. ಕೊನೆಯ ಕ್ಯಾಮೆರಾದಲ್ಲಿ ಅವಳು ಕಾಲುವೆಯ ಕಡೆ ಇಳಿಯುತ್ತಿದ್ದಳು.

"ಸರ್," ಸಾರ್ಜೆಂಟ್ ಮೇ ಲಿನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾವೇ ಅವರನ್ನ ನೀರಿನ ಕಡೆ ಓಡಿಸ್ತಿದ್ದೀವಿ."

 ಸಮವಸ್ತ್ರದವರೆಲ್ಲ ಹಿಂದೆ ಸರಿಯುವಂತೆ ಬದರಿನಾಥ್ ವೈರ್‌ಲೆಸ್‌ನಲ್ಲಿ ಹೇಳಿದ. ಮಾಮೂಲಿ ಅಂಗಿ ತೊಟ್ಟು ಅವನೂ ಮೇ ಲಿನ್‌ಳೂ ನಡೆದೇ ಹೋದರು.

ಸೇತುವೆಯ ಕೆಳಗೆ, ನೀರಿಗೆ ಎರಡು ಮೊಳ ದೂರದಲ್ಲಿ ಅಜ್ಜಿ ಮುದುಡಿ ಕೂತಿದ್ದಳು. ಅವಳ ಅಂಗೈ ಮಗುವಿನ ಬಾಯಿಯ ಮೇಲಿತ್ತು. ಮಗು ಅಲುಗಾಡಲಿಲ್ಲ.

ಮೇ ಲಿನ್ ಕೂತು, ಮೆಲ್ಲಗೆ ಚೀನೀ ಭಾಷೆಯಲ್ಲಿ ಮಾತಾಡಿಸಿದಳು. ಬಹಳ ಹೊತ್ತಿನ ಮೇಲೆ ಅಜ್ಜಿಯ ಕೈ ಸಡಿಲವಾಯಿತು.

"ಅಂಕಲ್," ಸಮೃದ್ಧಿ ಮುಖ ಊದಿಸಿಕೊಂಡಳು, "ಪೋಪೋ ಹೈಡ್ ಅಂಡ್ ಸೀಕ್ ಸ್ಟಾಪ್ ಮಾಡ್ತಾನೇ ಇಲ್ಲ ಲಾ!"

ಅಜ್ಜಿಯನ್ನು ಬಂಧಿಸಿ ಠಾಣೆಗೆ ತಂದರು. ಮೇ ಲಿನ್ ಅನುವಾದಿಸಿದಳು.

"ಎಲ್ಲಿಗೆ ಹೊರಟಿದ್ರಿ?"

"ಬಿಶಾನ್. ಅಮ್ಮನ ಆಫೀಸ್ ನೋಡಬೇಕು ಅಂತ ಮಗು ಹಟ ಮಾಡ್ತು."

"ಓಡಿದ್ದು ಯಾಕೆ?"

"ಅವರು ಕರೆದ್ರು. ನನ್ನ ಹತ್ರ ಪತ್ರ ಇರಲಿಲ್ಲ."

"ಯಾವ ಪತ್ರ?"

ಊರು ಬಿಡಲು, ಹಳ್ಳಿಯನ್ನು ಆಳುತ್ತಿದ್ದ ಕಮ್ಯೂನಿನ ಅಧಿಕಾರಿ ಕೊಡುತ್ತಿದ್ದ ಪತ್ರ. ಚೀನಾದ ಬರಗಾಲದಲ್ಲಿ ಅವಳಿಗೆ ಆರು ವರ್ಷ. ತಿನ್ನಲು ಏನೂ ಇರಲಿಲ್ಲ, ಹೋಗಲು ಪತ್ರವೂ ಸಿಗಲಿಲ್ಲ. ಅವ್ವ ಇಬ್ಬರು ಮಕ್ಕಳೊಡನೆ ಗದ್ದೆಗಳನ್ನು ಹಾದು ಹೊರಟಳು. ರಸ್ತೆಯಲ್ಲಿ ಕಾವಲಿನವರು ಬಂದರು. ಹಳ್ಳಕ್ಕಿಳಿದು ಅಡಗಿದಾಗ ಕೂಸು ತಮ್ಮ ಅತ್ತ. ಅವ್ವ ಅವನ ಬಾಯಿ ಮುಚ್ಚಿದಳು. ಕಾವಲಿನವರು ಹೋದ ಮೇಲೆ ಕೈ ತೆಗೆದಳು. ಅವನು ಮತ್ತೆ ಅಳಲಿಲ್ಲ.

"ಇಲ್ಲಿ ಯಾರೂ ಪತ್ರ ಕೇಳಲ್ಲ, ಅಜ್ಜಿ," ಬದರಿನಾಥ್ ಹೇಳಿದ.

"ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ."

ಮಗಳನ್ನು ಹೆಗಲ ಮೇಲೆ ಮಲಗಿಸಿಕೊಂಡು ಪ್ರಣತಿ ಬಾಗಿಲಲ್ಲಿ ನಿಂತಿದ್ದಳು.  "ಕೇಳಿ ಅವರನ್ನ. ನನ್ನ ಮಗಳ ಮೂಗೂ ಮುಚ್ಚಿದ್ರಾ?"

ಮೇ ಲಿನ್ ಕೇಳಿದಳು. ಅಜ್ಜಿ ತನ್ನ ಅಂಗೈಯನ್ನು ತನ್ನದೇ ಬಾಯಿಗೆ ಒತ್ತಿ, ಒಂದು ಬೆರಳನ್ನು ಮೂಗಿನ ಕೆಳಗೆ ಹಿಡಿದು ತೋರಿಸಿದಳು.

"ಒಂದೊಂದು ಉಸಿರನ್ನೂ ಎಣಿಸ್ತಿದ್ದೆ."

ಹಾಗೆಂದು ಅಜ್ಜಿ, ನಿದ್ದೆಹೋದ ಮಗುವಿನ ಬೆನ್ನನ್ನೇ ನೋಡುತ್ತ ಕೂತಳು. ಅವಳ ತುಟಿ ಇನ್ನೂ ಅಲುಗುತ್ತಿತ್ತು.